ಬದುವಿನಡಿ ಗಾಜಿನ ತಂತಿ, ಮಾಡಿನ ಮೇಲೆ ಅಂಟೆನಾ

ಊರ ರಸ್ತೆಯ ಪಕ್ಕದಲ್ಲಿ ಒಂದು ದಿನ ಬಣ್ಣದ ಪ್ಲಾಸ್ಟಿಕ್ ಕೊಳವೆಯ ದೊಡ್ಡ ದೊಡ್ಡ ಸುರುಳಿಗಳು ಬಂದು ಬೀಳುತ್ತವೆ. ಮರುದಿನ ಜೆಸಿಬಿ ಬರುತ್ತದೆ. ನಿಮ್ಮ ಹೊಲದ ಬದುವಿಗೆ ತಾಗಿಕೊಂಡೇ ಆಳೆತ್ತರದ ಕಾಲುವೆ ತೋಡುತ್ತದೆ. ಕೇಳಿದರೆ "ಓಎಫ್‌ಸಿ ಕೇಬಲ್, ಇಂಟರ್‌ನೆಟ್ಟಿಗೆ" ಎಂಬ ಉತ್ತರ ಸಿಗುತ್ತದೆ. ಇನ್ನೊಂದು ವಾರದಲ್ಲಿ ಪಕ್ಕದ ಮನೆಯವರು ಮಾಡಿನ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ಅದರ ತುದಿಗೆ ಅಂಟೆನಾ ಕಟ್ಟಿಸುತ್ತಾರೆ. ಎರಡೂ ಬೇಕಾದವೇ. ಆದರೆ ಇವನ್ನು ಹಾಕುವ ಒಂದೆರಡು ದಿನಗಳಲ್ಲಿ ಎಚ್ಚರ ತಪ್ಪಿದರೆ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಇಲ್ಲಿ ಹೇಳಹೊರಟಿರುವುದು ಆ ಒಂದೆರಡು ದಿನಗಳ ವಿಚಾರ.

ರೈತ ಬಾಂಧವರೇ, ಇಂಟರ್‌ನೆಟ್ ಈಗ ಪೇಟೆಯವರ ಶೋಕಿಯಾಗಿ ಉಳಿದಿಲ್ಲ. ಪಹಣಿ ತೆಗೆಸಲು, ಪಡಿತರ ಅಂಗಡಿಯಲ್ಲಿ ಬೆರಳು ಒತ್ತಲು, ಮಾರುಕಟ್ಟೆಯ ಧಾರಣೆ ತಿಳಿಯಲು, ಬ್ಯಾಂಕಿನ ಹಣ ಪಡೆಯಲು ಅದು ಬೇಕು. 2020ರ ಲಾಕ್‌ಡೌನ್ ಕಾಲದಲ್ಲಿ ಮಲೆನಾಡಿನ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿ, ಮಳೆಯಲ್ಲಿ ಟಾರ್ಪಾಲಿನ ಮರೆಗೆ ಕುಳಿತದ್ದನ್ನು ನೀವು ಮರೆತಿರಲಾರಿರಿ. ಗ್ರಾಮ ಪಂಚಾಯಿತಿಗಳಿಗೆ ಗಾಜಿನ ತಂತಿಯ ಸಂಪರ್ಕ ಕೊಡುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. 2023ರ ಆಗಸ್ಟಿನಲ್ಲಿ 1.39 ಲಕ್ಷ ಕೋಟಿ ರೂಪಾಯಿಗಳ ಪರಿಷ್ಕೃತ ಯೋಜನೆಗೆ ಮಂಜೂರಾತಿ ದೊರೆಯಿತು. ಹಳೆಯ ಕ್ರಮದಲ್ಲಿ ತಂತಿ ಒಂದೇ ಕವಲಾಗಿ ಹೋಗುತ್ತಿತ್ತು. ನಡುವೆ ಕಡಿದರೆ ಮುಂದಿನ ಊರುಗಳೆಲ್ಲ ಕತ್ತಲೆ. ಹೊಸ ಕ್ರಮದಲ್ಲಿ ಅದನ್ನು ಬಳೆಯ ಹಾಗೆ ಸುತ್ತಿ ತರುತ್ತಾರೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುತ್ತದೆ. ಹೀಗಾಗಿ ಅಗೆತ ಇನ್ನೂ ನಡೆಯುವುದಿದೆ, ನಿಮ್ಮ ಬದುವಿನ ಬಳಿಗೂ ಬರುವುದಿದೆ.

ಈ ತಂತಿಯ ಒಳಗಿರುವುದು ತಾಮ್ರವಲ್ಲ, ಗಾಜು. ಒಂದೊಂದು ಎಳೆಯ ದಪ್ಪ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗ. ತಲೆಗೂದಲಿಗಿಂತ ತುಸು ದಪ್ಪ, ಅಷ್ಟೆ. ಅದರ ನಟ್ಟನಡುವಿನ ಇನ್ನೂ ಸಣ್ಣ ದಾರಿಯಲ್ಲಿ ಬೆಳಕು ಓಡುತ್ತದೆ. ಆ ಬೆಳಕಿನ ಮಿಣುಕುಗಳೇ ನಿಮ್ಮ ಮಾತು, ಚಿತ್ರ, ಲೆಕ್ಕ ಎಲ್ಲವೂ ಆಗಿ ಹೋಗುತ್ತವೆ. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಇದು ಖರೆ. ಆದರೆ ಈ ಮಾತನ್ನೇ ನಂಬಿ "ಇದರಲ್ಲಿ ಕರೆಂಟಿಲ್ಲ, ಶಾಕ್ ಹೊಡೆಯಲ್ಲ" ಎಂದು ಕೇಬಲ್ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ವಿದ್ಯುತ್ ಕಂಬ ಹತ್ತುವವರುಂಟು. ಗಾಜಿನಲ್ಲಿ ಇಲ್ಲದ ಕರೆಂಟು ಅದರ ಪಕ್ಕದ ತಂತಿಯಲ್ಲಿದೆ. ಅಷ್ಟೇ ಅಲ್ಲ, ಮನೆಮನೆಗೆ ಎಳೆಯುವ ಚಪ್ಪಟೆ ಕಪ್ಪು ಕೇಬಲ್ ಇದೆಯಲ್ಲ, ಅದರ ಅಂಚಿನಲ್ಲಿ ಭಾರ ತಡೆಯಲೆಂದು ಬಹುಮಟ್ಟಿಗೆ ಒಂದು ಉಕ್ಕಿನ ತಂತಿ ಇರುತ್ತದೆ. ಅದು ಬೇಲಿಯ ತಂತಿಯಷ್ಟೇ ಚೆನ್ನಾಗಿ ವಿದ್ಯುತ್ತನ್ನು ಒಯ್ಯಬಲ್ಲದು.

ಮೇಲೆ ನೋಡಿದ ಮೇಲೆ ಪೈಪು ಎತ್ತಿ

ಮಲೆನಾಡಿನ ಒಂದೂರಿನಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಅಡಿಕೆ ತೋಟದ ನಡುವಿನ ಮನೆ. ಮೊಬೈಲಿಗೆ ಒಂದು ಕಡ್ಡಿ ನೆಟ್‌ವರ್ಕ್ ಸಿಕ್ಕಿದರೆ ಅದೇ ಹೆಚ್ಚು. ಮನೆಯ ಹುಡುಗ ಪೇಟೆಯಿಂದ ಮೀನಿನ ಮುಳ್ಳಿನಂಥ ಅಂಟೆನಾ ತಂದಿದ್ದ. ಅದನ್ನು ಇಪ್ಪತ್ತು ಅಡಿಯ ಜಿಐ ಪೈಪಿನ ತುದಿಗೆ ಬಿಗಿದು, ಗೆಳೆಯನೊಡನೆ ಅಂಗಳದಲ್ಲಿ ಪೈಪನ್ನು ನಿಧಾನವಾಗಿ ಎತ್ತುತ್ತಿದ್ದ. ಇಬ್ಬರ ಕಣ್ಣೂ ಪೈಪಿನ ಬುಡದ ಗುಂಡಿಯ ಮೇಲೆ. ಕೊಟ್ಟಿಗೆಯ ಬಾಗಿಲಲ್ಲಿ ಹುಲ್ಲು ಹಿಡಿದು ನಿಂತಿದ್ದ ಅಜ್ಜ "ತಡೀರೋ, ಪೈಪು ಕೆಳಗಿಡ್ರೋ" ಎಂದು ಕೂಗಿಕೊಂಡರು. ಕೊಟ್ಟಿಗೆಯ ಹಿಂದೆ ಹನ್ನೊಂದು ಸಾವಿರ ವೋಲ್ಟಿನ ಲೈನು ಹಾದುಹೋಗಿತ್ತು. ಆಮೇಲೆ ಹೆಜ್ಜೆ ಹಾಕಿ ಅಳೆದೆವು. ಗುಂಡಿಯಿಂದ ಲೈನಿನ ನೇರಕ್ಕೆ ಹದಿನೈದು ಅಡಿ. ಪೈಪು ಇಪ್ಪತ್ತು ಅಡಿ, ಅಂಟೆನಾ ಬೇರೆ. ಪೈಪು ಒಂದಿಷ್ಟು ಆ ಕಡೆಗೆ ವಾಲಿದ್ದರೆ ಏನಾಗುತ್ತಿತ್ತೆಂದು ಬರೆಯುವ ಅಗತ್ಯವಿಲ್ಲ. ಅಡಿಕೆ ಕೊಯ್ಲಿನ ದೋಟಿ ಲೈನಿಗೆ ತಾಗಿ ಹೋದ ಜೀವವೊಂದನ್ನು ಅಜ್ಜ ಹಿಂದೆ ಕಂಡವರು. ಅದಕ್ಕೇ ಅವರ ಕಣ್ಣು ಮೇಲಿತ್ತು.

ಅಡಿಕೆ ಸೀಮೆಯವರಿಗೆ ಈ ಅಪಾಯ ಹೊಸದಲ್ಲ. ಅಲ್ಯೂಮಿನಿಯಂ ದೋಟಿ, ಅಲ್ಯೂಮಿನಿಯಂ ಏಣಿ, ಕೊಳವೆ ಬಾವಿಯಿಂದ ಎತ್ತುವ ಉದ್ದದ ಪೈಪು, ಇವೆಲ್ಲ ಲೈನಿಗೆ ತಾಗಿ ಸಾವು ತಂದ ಸುದ್ದಿಗಳನ್ನು ಓದಿದ್ದೀರಿ. ಹೊಸದಾಗಿ ಬಂದಿರುವ ಕಾರ್ಬನ್ ಫೈಬರ್ ದೋಟಿಯೂ ವಿದ್ಯುತ್ ಒಯ್ಯುತ್ತದೆಂಬುದು ನೆನಪಿರಲಿ. 'ಫೈಬರ್' ಎಂಬ ಹೆಸರು ಕೇಳಿ ಮೋಸಹೋಗಬೇಡಿ. ಅಂಟೆನಾದ ಪೈಪೂ ಇದೇ ಬಳಗದ್ದು. ಅದನ್ನು ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಪೈಪು, ಅಂಟೆನಾ, ಕೆಳಗಿನ ಮಾಡಿನ ಎತ್ತರ ಮೂರನ್ನೂ ಕೂಡಿಸಿ. ಪೈಪು ಯಾವ ದಿಕ್ಕಿಗೆ ಬಿದ್ದರೂ ಅಷ್ಟು ದೂರದೊಳಗೆ ಯಾವ ವಿದ್ಯುತ್ ತಂತಿಯೂ ಇರಬಾರದು. ಇನ್ನೂ ಅರ್ಧದಷ್ಟು ಹೆಚ್ಚು ದೂರ ಬಿಟ್ಟರೆ ನೆಮ್ಮದಿ. ಮನೆಗೆ ಬರುವ ಸರ್ವಿಸ್ ವೈರಿಗೂ ಈ ಲೆಕ್ಕ ಸಲ್ಲುತ್ತದೆ. ಅದರ ಹೊದಿಕೆ ಬಿಸಿಲಿಗೆ ಒಣಗಿ ಬಿರಿದಿರುವುದನ್ನು ನಿಮ್ಮ ಮನೆಯ ಮುಂದೆಯೇ ಕಾಣಬಹುದು.

ಆ ಮನೆಯ ಹುಡುಗ ಪೈಪನ್ನು ಕೊನೆಗೆ ಮನೆಯ ಮೂಡಣ ಮೂಲೆಯಲ್ಲಿ ನಿಲ್ಲಿಸಿದ. ಅಲ್ಲಿ ನೆಟ್‌ವರ್ಕ್ ಒಂದು ಕಡ್ಡಿ ಕಡಿಮೆ. ಹುಡುಗನಿಗೆ ಅಸಮಾಧಾನ. ಈ ಕೊರತೆಯನ್ನು ಒಪ್ಪಿಕೊಳ್ಳುವುದೇ ಮೇಲು ಎಂದು ನಾನೂ ಅಜ್ಜನ ಪರವಾಗಿಯೇ ಮಾತಾಡಿದೆ.

ಕರೆಂಟು ಹೋಗಿದೆ ಎಂದರೆ ಲೈನು ಸತ್ತಿದೆ ಎಂದಲ್ಲ

ಪಂಪ್‌ಸೆಟ್ಟಿಗೆ ತ್ರೀ ಫೇಸ್ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಹೋದದ್ದು ಹೇಳದೆ ಬರುತ್ತದೆ. ಹೀಗಿರುವಾಗ "ಈಗ ಕರೆಂಟಿಲ್ಲ, ಬೇಗ ಹತ್ತಿ ಕೇಬಲ್ ಕಟ್ಟಿಬಿಡು" ಎನ್ನುವುದು ಎಷ್ಟು ಸರಿ? ಮೇಲಾಗಿ ಯಾರದೋ ಮನೆಯ ಜನರೇಟರು ಅಥವಾ ಇನ್‌ವರ್ಟರಿನ ಜೋಡಣೆ ಸರಿಯಿಲ್ಲದಿದ್ದರೆ ಅಲ್ಲಿಂದಲೂ ಲೈನಿಗೆ ವಿದ್ಯುತ್ ಹಿಂದಿರುಗಿ ಬರಬಹುದು. ಲೈನ್‌ಮನ್‌ಗಳು ತಾವು ಕಂಬ ಹತ್ತುವ ಮೊದಲು ಲೈನ್ ಕ್ಲಿಯರ್ ಪಡೆಯುತ್ತಾರೆ. ಎಂದರೆ, ಸ್ಟೇಷನ್ನಿನಲ್ಲಿ ಆ ಲೈನನ್ನು ಬಂದ್ ಮಾಡಿಸಿ, ತಾವು ಹೇಳುವವರೆಗೆ ಚಾಲೂ ಮಾಡದಂತೆ ಗೊತ್ತುಮಾಡಿಕೊಳ್ಳುತ್ತಾರೆ. ಆ ಮೇಲೂ ತಂತಿಗಳನ್ನು ನೆಲಕ್ಕೆ ಅರ್ತ್ ಮಾಡಿ ಕೆಲಸಕ್ಕಿಳಿಯಬೇಕೆಂಬುದು ಕ್ರಮ. ವಿದ್ಯುತ್ ಇಲಾಖೆಯ ನುರಿತವರಿಗೇ ಇಷ್ಟು ಕಟ್ಟುಪಾಡಿರುವಾಗ ಕೇಬಲ್ ಕೆಲಸದ ಹುಡುಗ ಬರಿಗೈಯಲ್ಲಿ ಹತ್ತುವುದೆಂದರೇನು?

ಈ ಹುಡುಗರು ಯಾರೆಂದು ಒಮ್ಮೆ ಯೋಚಿಸಿ. ಬಹುಪಾಲು ನಮ್ಮದೇ ಊರಿನವರು. ಪಿಯುಸಿಯೋ ಐಟಿಐಯೋ ಮುಗಿಸಿ, ಒಂದು ಸಂಪರ್ಕಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ದುಡಿಯುವವರು. ಅವರಿಗೆ ಸೇಫ್ಟಿ ಬೆಲ್ಟು, ಹೆಲ್ಮೆಟ್ಟು, ರಬ್ಬರ್ ಕೈಗವಸು ಕೊಡಬೇಕಾದುದು ಕೆಲಸ ವಹಿಸಿದವರ ಹೊಣೆ. ಕೊಡದೆ ಕಳಿಸುವವರಿದ್ದಾರೆ. ಮನೆಯವರಾದ ನಿಮ್ಮ ಕೈಯಲ್ಲಿ ಒಂದು ಸಂಗತಿ ಇದೆ, ಅವಸರ ಮಾಡದಿರುವುದು. "ಸಂಜೆ ಮ್ಯಾಚ್ ಶುರುವಾಗುತ್ತೆ, ಬೇಗ ಮುಗಿಸಪ್ಪ" ಎಂಬ ಮಾತು ಅವನನ್ನು ಮಳೆಯಲ್ಲೂ ಕಂಬ ಹತ್ತಿಸುತ್ತದೆ. ಅವನು ಏಣಿ ಇಟ್ಟಾಗ ಬುಡ ಹಿಡಿದು ನಿಲ್ಲಿ. ಏಣಿಯ ತುದಿ ನಾಲ್ಕಡಿ ಎತ್ತರಕ್ಕೆ ತಾಗುವಲ್ಲಿ ಬುಡ ಒಂದಡಿ ಹೊರಗಿರಬೇಕು, ಹನ್ನೆರಡಡಿಗೆ ಮೂರಡಿ. ಲೋಹದ ಏಣಿ ಬೇಡವೆನ್ನಿ. ಬಿದಿರ ಏಣಿಯೂ ಒಣಗಿರುವಾಗ ಮಾತ್ರ ಲೇಸು. ಹಸಿ ಬಿದಿರು, ನೆನೆದ ಬಿದಿರು ವಿದ್ಯುತ್ತನ್ನು ಬಿಟ್ಟುಕೊಡುತ್ತದೆ.

ವಿದ್ಯುತ್ ಕಂಬಕ್ಕೆ ಕೇಬಲ್ ಕಟ್ಟಬೇಕಾದರೆ ವಿದ್ಯುತ್ ಕಂಪನಿಯ ಅನುಮತಿ ಬೇಕು. ಕೇಬಲನ್ನು ಎಲ್ಲಕ್ಕಿಂತ ಕೆಳಗಿನ ವಿದ್ಯುತ್ ತಂತಿಗಿಂತ ಸಾಕಷ್ಟು ಕೆಳಗೆ ಎಳೆಯಬೇಕು. ಹಾಗೆಂದು ರಸ್ತೆ ದಾಟುವಲ್ಲಿ ಜೋತುಬಿದ್ದಿರಬಾರದು. ಹುಲ್ಲು ಹೇರಿದ ಲಾರಿ, ಕಬ್ಬಿನ ಟ್ರ್ಯಾಕ್ಟರು ಅದನ್ನು ಎಳೆದುಕೊಂಡು ಹೋದರೆ ಕಂಬವೇ ವಾಲುತ್ತದೆ. ತೋಟದಲ್ಲಿ ಮರದಿಂದ ಮರಕ್ಕೆ ಕಟ್ಟುವ ಪದ್ಧತಿಯಂತೂ ಒಳ್ಳೆಯದಲ್ಲ. ಗಾಳಿಗೆ ಮರ ತೂಗಿ ಗಾಜು ಮುರಿಯುತ್ತದೆ, ಸೋಗೆ ಬಿದ್ದು ಹರಿಯುತ್ತದೆ, ಅಳಿಲು ಕಡಿಯುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಬೇರೆಯಿದೆ. ಗಾಳಿಮಳೆಯಲ್ಲಿ ವಿದ್ಯುತ್ ತಂತಿ ಹರಿದು ಈ ಕೇಬಲ್ ಮೇಲೆ ಬಿದ್ದರೆ, ಅಂಚಿನ ಉಕ್ಕಿನ ತಂತಿ ಆ ವಿದ್ಯುತ್ತನ್ನು ನಿಮ್ಮ ತಗಡಿನ ಮಾಡಿನವರೆಗೂ ತರಬಹುದು. ಆದುದರಿಂದ ಲೈನಿನ ಸಮೀಪ ಹಾಯುವ ಕಡೆ ಲೋಹವೇ ಇಲ್ಲದ ಕೇಬಲ್ ಹಾಕಿರೆಂದು ಕೇಳಿ, ಅಂಥದು ಸಿಗುತ್ತದೆ. ಉಕ್ಕಿನ ತಂತಿ ಇರುವುದಾದರೆ ಅದನ್ನು ಗೋಡೆಯ ಹೊರಗಿನ ಕೊಂಡಿಗೆ ಕಟ್ಟಿ ಅಲ್ಲಿಗೇ ಕತ್ತರಿಸಬೇಕು. ಗಾಜಿನ ಎಳೆಯಿರುವ ಭಾಗ ಮಾತ್ರ ಒಳಗೆ ಬರಬೇಕು.

ಬಿದ್ದ ತಂತಿ ಕಂಡರೆ ಹತ್ತಿರ ಹೋಗಬೇಡಿ, ದನಗಳನ್ನೂ ಬಿಡಬೇಡಿ. ನೆಲದಲ್ಲಿಯೇ ವಿದ್ಯುತ್ ಹರಡಿರುತ್ತದೆ. ಮುಂಗಾಲು ಹಿಂಗಾಲುಗಳ ನಡುವೆ ಅಂತರ ಹೆಚ್ಚಿರುವುದರಿಂದ ದನಕ್ಕೆ ಅದು ನಮಗಿಂತ ಬೇಗ ಮಾರಕವಾಗುತ್ತದೆ. ಅರಿಯದೆ ಸಮೀಪ ಹೋಗಿಬಿಟ್ಟಿದ್ದರೆ ಎರಡು ಪಾದ ಕೂಡಿಸಿಕೊಂಡು, ಒಂದನ್ನೊಂದು ಬಿಡದೆ, ತೆವಳಿದಂತೆ ಸಣ್ಣ ಸಣ್ಣದಾಗಿ ಹಿಂದೆ ಸರಿಯಿರಿ. ಒಣ ಕೋಲಿನಿಂದ ತಳ್ಳುವ ಉಪಾಯ ಮನೆಯ ಕರೆಂಟಿಗೆ ಆದೀತು. ಹನ್ನೊಂದು ಸಾವಿರಕ್ಕೆ ಆಗದು. ಅದನ್ನು ಬಂದ್ ಮಾಡಿಸದೆ ಯಾರನ್ನೂ ಮುಟ್ಟುವಂತಿಲ್ಲ.

ಕಾಲುವೆಯ ವಿಚಾರ

ನೆಲದಡಿ ಹಾಕುವ ಕೇಬಲಿಗೆ ಬಿಎಸ್‌ಎನ್‌ಎಲ್ ಇಟ್ಟುಕೊಂಡಿರುವ ಸಾಮಾನ್ಯ ಆಳ 1.65 ಮೀಟರ್, ಅಂದರೆ ಸುಮಾರು ಐದೂವರೆ ಅಡಿ. ಮೊದಲು 40 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಕೊಳವೆ ಹೂಳಿ, ಆ ಮೇಲೆ ಅದರೊಳಗೆ ಗಾಳಿಯ ಒತ್ತಡದಿಂದ ಕೇಬಲನ್ನು ಊದಿ ಕಳಿಸುತ್ತಾರೆ. ಇಷ್ಟು ಆಳ ಏಕೆಂದರೆ ನೇಗಿಲು, ಹಾರೆ, ಗುದ್ದಲಿ ಯಾವುದೂ ತಾಗಬಾರದೆಂದು. ಕಲ್ಲುನೆಲದಲ್ಲಿ ಆಳ ಕಡಿಮೆಯಾಗುತ್ತದೆ. ಅಲ್ಲಿ ಕಬ್ಬಿಣ ಅಥವಾ ಸಿಮೆಂಟ್ ಕೊಳವೆಯ ರಕ್ಷಣೆ ಕೊಡಬೇಕು.

ಐದೂವರೆ ಅಡಿ ಕಾಲುವೆ ನೋಡಲು ದೊಡ್ಡದಲ್ಲ. ಆದರೆ ಬಾಗಿ ಕೊಳವೆ ಕೂಡಿಸುವವನ ತಲೆ ನೆಲದ ಮಟ್ಟಕ್ಕಿಂತ ಬಹಳ ಕೆಳಗಿರುತ್ತದೆ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಎರೆಮಣ್ಣು ಒಣಗಿದಾಗ ಗೋಡೆಯ ಹಾಗೆ ನಿಲ್ಲುತ್ತದೆ, ನೀರು ಕುಡಿದಾಗ ಹೇಳದೆ ಕುಸಿಯುತ್ತದೆ. ಬಾವಿ ತೋಡಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ತೆಗೆದ ಮಣ್ಣನ್ನು ಕಾಲುವೆಯ ಅಂಚಿಗೇ ಗುಡ್ಡೆ ಹಾಕದೆ ಎರಡಡಿಯಾದರೂ ಆಚೆ ಹಾಕಿಸಿ. ಪಕ್ಕದ ಗದ್ದೆಗೆ ಆ ದಿನ ನೀರು ಬಿಡಬೇಡಿ. ರಾತ್ರಿ ತೆರೆದು ಬಿಟ್ಟ ಕಾಲುವೆಗೆ ದನ ಬೀಳುತ್ತದೆ, ಸೈಕಲ್ಲಿನಲ್ಲಿ ಬರುವ ಮಗು ಬೀಳುತ್ತದೆ. ಅಂದಿನ ತೋಡು ಅಂದೇ ಮುಚ್ಚುವುದು ಮೇಲು. ಆಗದಿದ್ದರೆ ಗೂಟ ನೆಟ್ಟು ಹಗ್ಗ ಕಟ್ಟಿ, ಬಿಳಿ ಬಟ್ಟೆಯನ್ನಾದರೂ ತೂಗುಹಾಕಿಸಿ.

ಇನ್ನು ಮಣ್ಣಿನ ಮಾತು. ಕೇಬಲಿನವರು ಹೇಳದಿದ್ದರೂ ನೀವು ಒತ್ತಾಯ ಮಾಡಬೇಕಾದ ವಿಷಯ ಇದು. ಕಾಲುವೆ ತೋಡುವಾಗ ಮೇಲಿನ ಒಂದಡಿ ಮಣ್ಣನ್ನು ಒಂದು ಕಡೆ, ಕೆಳಗಿನ ಮೊರಂಬು ಅಥವಾ ಸುಣ್ಣದ ಮಣ್ಣನ್ನು ಇನ್ನೊಂದು ಕಡೆ ಹಾಕಿಸಿ. ಮುಚ್ಚುವಾಗ ಕೆಳಗಿನದು ಕೆಳಗೆ, ಮೇಲಿನದು ಮೇಲೆ. ಜೆಸಿಬಿಯವನು ಎಲ್ಲವನ್ನೂ ಕಲಸಿ ಮುಚ್ಚಿದರೆ ಆ ಪಟ್ಟಿಯಲ್ಲಿ ಎರಡು ಮೂರು ವರ್ಷ ಪೈರು ಹಳದಿಯಾಗಿ ಕುಂಟುತ್ತದೆ. ಮಣ್ಣನ್ನು ಒಂದೊಂದು ಅಡಿಗೆ ದಮ್ಮಸು ಮಾಡಿಸಬೇಕು. ಹಾಗೆ ಮಾಡದ ಕಾಲುವೆ ಮೊದಲ ಮಳೆಗೇ ಕುಗ್ಗಿ, ನೀರಿಗೆ ದಾರಿಯಾಗಿ, ಬದುವನ್ನೇ ಕೊಚ್ಚಿಕೊಂಡು ಹೋಗುತ್ತದೆ. ಇಳಿಜಾರಿನ ಹೊಲವಾದರೆ ಮಳೆಗಾಲ ಮುಗಿಯುವತನಕ ಆ ಪಟ್ಟಿಯ ಮೇಲೆ ಕಣ್ಣಿಡಿ. ಕಾಲುವೆಗೆ ಸಿಕ್ಕಿದ ಹನಿ ನೀರಾವರಿಯ ಪೈಪು, ಪಂಪ್‌ಸೆಟ್ಟಿನ ನೆಲದಡಿಯ ಕೇಬಲ್ ಎಲ್ಲಿ ಹಾದಿವೆಯೆಂದು ಜೆಸಿಬಿ ಬರುವ ಮೊದಲೇ ಸುಣ್ಣದ ಗೆರೆ ಎಳೆದು ತೋರಿಸಿ.

ಸರ್ಕಾರಿ ರಸ್ತೆಯ ಅಂಚು ಬಿಟ್ಟು ನಿಮ್ಮ ಖಾತೆಯ ಜಮೀನಿಗೆ ಬರುವುದಾದರೆ ಅವರು ನಿಮ್ಮ ಒಪ್ಪಿಗೆ ಕೇಳಬೇಕು. 2023ರ ದೂರಸಂಪರ್ಕ ಕಾಯಿದೆ ಮತ್ತು 2025ರ ಜನವರಿ 1ರಿಂದ ಜಾರಿಗೆ ಬಂದ ಮಾರ್ಗದ ಹಕ್ಕಿನ ನಿಯಮಗಳು ಇದಕ್ಕೆ ಕ್ರಮ ಹಾಕಿಕೊಟ್ಟಿವೆ. ಒಪ್ಪಿದರೆ ನೆಲದ ಒಡೆತನವೇನೂ ಹೋಗುವುದಿಲ್ಲ, ಬಳಕೆಯ ಹಕ್ಕು ಮಾತ್ರ ಅವರದು. ಒಪ್ಪಿಗೆಯನ್ನು ಬರಹದಲ್ಲಿ ಮಾಡಿ. ಕಾಲುವೆ ಎಲ್ಲಿಂದ ಎಲ್ಲಿಗೆ, ಎಷ್ಟು ಆಳ, ಬೆಳೆ ಹಾನಿಗೆ ಎಷ್ಟು, ಬದು ಸರಿಮಾಡುವವರಾರು ಎಂಬುದನ್ನು ಸೇರಿಸಿ.

ಕಾಣದ ಬೆಳಕು, ಕಾಣದ ಗಾಜು

ಕೇಬಲ್ ಬಿಡಿಸಿ ಗಾಜಿನ ಎಳೆಗಳನ್ನು ಬೆಸೆಯುವಾಗ ಊರ ಮಕ್ಕಳೆಲ್ಲ ಸುತ್ತ ನೆರೆಯುವುದು ಸಹಜ. ಅವರನ್ನು ದೂರವಿರಿಸಿ. ಎಳೆಯಲ್ಲಿ ಓಡುವ ಬೆಳಕು ನಮ್ಮ ಕಣ್ಣಿಗೆ ಕಾಣದ ಜಾತಿಯದು. ಕತ್ತಲೆಯಾಗಿದೆಯೆಂದು ತುದಿಯನ್ನು ಕಣ್ಣಿಗೆ ಹಿಡಿದು ನೋಡಿದರೆ ಬೆಳಕು ಕಾಣದೆಯೇ ಕಣ್ಣಿಗೆ ಕೇಡಾಗಬಹುದು. ಕೆಲವೊಮ್ಮೆ ಪರೀಕ್ಷೆಗೆಂದು ಕೆಂಪು ಬೆಳಕು ಬಿಡುತ್ತಾರೆ, ಅದನ್ನೂ ನೇರ ನೋಡಬಾರದು. ಮನೆಯ ಪೆಟ್ಟಿಗೆಯಿಂದ ಹಸಿರು ತುದಿಯ ತಂತಿಯನ್ನು ಕಿತ್ತು ಇಣುಕುವ ಚಟ ಮಕ್ಕಳಿಗೆ ಬೇಡ.

ಬೆಸೆಯುವವನು ಕತ್ತರಿಸಿ ಬಿಸಾಡುವ ಗಾಜಿನ ತುಣುಕು ಇನ್ನೂ ಮೋಸದ್ದು. ಕೂದಲಿನ ಚೂರಿನಂತೆ ಅಂಗಳದಲ್ಲಿ ಬಿದ್ದಿರುತ್ತದೆ. ಅಂಗಾಲಿಗೆ ಹೊಕ್ಕರೆ ಚಿಮಟಕ್ಕೂ ಸುಲಭದಲ್ಲಿ ಸಿಗುವುದಿಲ್ಲ. ತುಣುಕುಗಳನ್ನು ಮುಚ್ಚಳವಿರುವ ಡಬ್ಬಿಗೆ ಹಾಕಿಕೊಂಡು ಹೋಗುವಂತೆ ಹೇಳಿ. ಉಳಿದದ್ದನ್ನು ಅಂಟುಪಟ್ಟಿ ಒತ್ತಿ ಎತ್ತಬೇಕು, ಕೈಯಲ್ಲಿ ಸವರಬಾರದು. ದನದ ಮೇವಿನ ಬಳಿ, ಕಣದ ಬಳಿ ಈ ಕೆಲಸ ಬೇಡವೇ ಬೇಡ. ಬಾಯಲ್ಲಿ ಎಲೆಯಡಿಕೆ ಹಾಕಿಕೊಂಡು, ಅದೇ ಕೈಯಲ್ಲಿ ಸುಣ್ಣ ತೀಡುತ್ತ ಗಾಜು ಸುಲಿಯುವವರನ್ನು ನಾನು ಕಂಡಿದ್ದೇನೆ. ಗಾಜಿನ ಚೂರು ಹೊಟ್ಟೆಗೆ ಹೋದರೆ ಯಾವ ಕಷಾಯವೂ ತೆಗೆಯದು. ಎಳೆ ಒರೆಸುವ ಸ್ಪಿರಿಟ್ಟು ಬೇಗ ಹೊತ್ತಿಕೊಳ್ಳುವಂಥದು, ಬೆಸೆಯುವ ಯಂತ್ರ ಕಿಡಿ ಹಾಯಿಸುವಂಥದು. ಪೆಟ್ರೋಲ್ ಪಂಪಿನ ಎಂಜಿನ್ ಪಕ್ಕದಲ್ಲಿ, ಬೀಡಿ ಸೇದುವವರ ನಡುವೆ ಅವನ್ನು ಇಡಬಾರದು.

ಕೇಬಲನ್ನು ಮೊಳೆಗೆ ಬಿಗಿದು ಸುತ್ತಿದರೆ ಗಾಜು ಒಳಗೇ ಬಿರಿಯುತ್ತದೆ. ಹೆಚ್ಚಿನ ಕೇಬಲನ್ನು ಊಟದ ತಟ್ಟೆಯಗಲದ ಸುರುಳಿ ಮಾಡಿ ಗೋಡೆಗೆ ತೂಗಿಸಿ. ಇಲಿ ನುಗ್ಗದಂತೆ ಗೋಡೆಯ ತೂತಿಗೆ ಸಿಮೆಂಟು ಮೆತ್ತಿಸಿ.

ಸಿಡಿಲು ಮತ್ತು ಅಂಟೆನಾ

ಯುಗಾದಿ ಕಳೆದು ಮುಂಗಾರು ಕೂಡುವವರೆಗಿನ ಗುಡುಗು ಮಳೆ ನಮ್ಮಲ್ಲಿ ಸಿಡಿಲಿನ ಕಾಲ. ಮಾಡಿನ ಮೇಲೆ ಎತ್ತರಕ್ಕೆ ನಿಂತ ಕಬ್ಬಿಣದ ಪೈಪು ಸಿಡಿಲಿಗೆ ದಾರಿಯಾಗಬಲ್ಲದು. ಪೈಪಿನ ಬುಡದಿಂದ ದಪ್ಪ ತಾಮ್ರದ ತಂತಿ ಅಥವಾ ಜಿಐ ಪಟ್ಟಿಯನ್ನು ಗೋಡೆಯ ಹೊರಗಿನಿಂದಲೇ, ಚೂಪಾದ ತಿರುವಿಲ್ಲದೆ, ನೇರವಾಗಿ ಅರ್ತಿಂಗ್ ಗುಂಡಿಗೆ ಇಳಿಸಬೇಕು. ಈ ಗುಂಡಿ ಕೊಟ್ಟಿಗೆಯಿಂದ, ನಲ್ಲಿಯಿಂದ, ಜನ ಓಡಾಡುವ ಹಾದಿಯಿಂದ ದೂರವಿರಲಿ. ಮನೆಯ ವೈರಿಂಗಿನ ಅರ್ತಿಗೂ ಇದಕ್ಕೂ ಸಂಬಂಧ ಕಲ್ಪಿಸಬೇಕು. ಎರಡೂ ಬೇರೆಬೇರೆಯಾಗಿದ್ದರೆ ಸಿಡಿಲಿನ ಶಕ್ತಿ ಒಂದರಿಂದ ಇನ್ನೊಂದಕ್ಕೆ ಮನೆಯೊಳಗಿನಿಂದಲೇ ಹಾರಬಹುದು. ಇದು ಲೈಸೆನ್ಸ್ ಪಡೆದ ಎಲೆಕ್ಟ್ರಿಷಿಯನ್ ಮಾಡಬೇಕಾದ ಕೆಲಸ, ಸ್ವಂತ ಪ್ರಯೋಗ ಬೇಡ. ಪೈಪನ್ನು ಹಂಚಿನ ಪಕಾಸಿಗೆ ಬರಿ ತಂತಿಯಲ್ಲಿ ಕಟ್ಟಿದರೆ ಸಾಲದು; ಗೋಡೆಗೆ ಎರಡು ಕಡೆ ಕ್ಲಾಂಪು ಹಾಕಿ, ಮೂರು ದಿಕ್ಕಿಗೆ ಸ್ಟೇ ವೈರ್ ಎಳೆಯಬೇಕು.

ಗುಡುಗು ದೂರದಲ್ಲಿ ಕೇಳಿಸಿದಾಗಲೇ ಅಂಟೆನಾದ ವೈರನ್ನೂ ಪ್ಲಗ್ಗನ್ನೂ ತೆಗೆದುಬಿಡಿ. ನೆತ್ತಿಯ ಮೇಲೆ ಬಂದ ಮೇಲೆ ಮುಟ್ಟಲು ಹೋಗಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಮಾಡು ಹತ್ತಬಾರದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ 'ದಾಮಿನಿ' ಎಂಬ ಆ್ಯಪ್ ನಿಮ್ಮ ಸುತ್ತ ಸಿಡಿಲು ಬೀಳುವ ಸೂಚನೆ ಕೊಡುತ್ತದೆ. ಕೆಲಸ ಶುರುಮಾಡುವ ಮೊದಲು ಅದನ್ನೊಮ್ಮೆ ನೋಡಿ. ಗಾಜಿನ ತಂತಿಯ ಒಂದು ದೊಡ್ಡ ಗುಣ ಇಲ್ಲಿ ಹೇಳಬೇಕು: ಲೋಹವಿಲ್ಲದ ಕೇಬಲಾದರೆ ಸಿಡಿಲು ಅದರೊಳಗೆ ಹರಿದು ಮನೆಗೆ ಬರಲಾರದು. ಎರಡರಲ್ಲಿ ಒಂದನ್ನು ಆರಿಸುವ ಅವಕಾಶವಿದ್ದರೆ ಅಂಟೆನಾಕ್ಕಿಂತ ನಾನು ಅದನ್ನೇ ಆರಿಸಿಯೇನು.

ಪೇಟೆಯಲ್ಲಿ, ಫೋನಿನ ಜಾಹೀರಾತಿನಲ್ಲಿ ಸಿಗ್ನಲ್ ಬೂಸ್ಟರ್ ಎಂದು ಮಾರುವ ಪೆಟ್ಟಿಗೆಯನ್ನು ಕೊಳ್ಳಬೇಡಿ. ಪರವಾನಗಿಯಿಲ್ಲದೆ ಅದನ್ನು ಇಡುವುದು ಅಪರಾಧ. ಅದು ನಿಮಗೆ ಎರಡು ಕಡ್ಡಿ ಹೆಚ್ಚು ತೋರಿಸಿ, ಟವರಿಗೆ ಗದ್ದಲ ತುಂಬಿ, ಊರಿನ ಉಳಿದವರ ಮಾತು ಕೆಡಿಸುತ್ತದೆ.

ಹೊಲದಲ್ಲಿ ಟವರು

ಟವರಿನ ಅಂಟೆನಾಗಳು ಹೊರಡಿಸುವ ತರಂಗ ಮುಂದಕ್ಕೆ ಹರಡುತ್ತದೆ, ನೇರ ಬುಡಕ್ಕೆ ಬೀಳುವುದು ಅತ್ಯಲ್ಪ. ದೂರ ಎರಡರಷ್ಟಾದರೆ ಅದರ ಬಲ ನಾಲ್ಕರಲ್ಲಿ ಒಂದಾಗುತ್ತದೆ. ಆದ್ದರಿಂದ ಕೆಳಗೆ ಉಳುವವನು ಹೆದರಬೇಕಾಗಿಲ್ಲ. ಟವರು ಹತ್ತಿ ಚಾಲೂ ಇರುವ ಅಂಟೆನಾದ ಮುಂದೆಯೇ ನಿಲ್ಲುವ ಕೆಲಸಗಾರನ ವಿಷಯ ಬೇರೆ. ಅವನು ಅದನ್ನು ಬಂದ್ ಮಾಡಿಸಿಯೇ ಹತ್ತಬೇಕು. ನಿಮಗೆ ಸಂಬಂಧಿಸಿದ ಎಚ್ಚರಗಳೆಂದರೆ ಟವರಿನ ಕಾಲಿಗೆ ದನ ಕಟ್ಟದಿರುವುದು, ಸೋಲಾರ್ ಬೇಲಿಯ ತಂತಿಯನ್ನಾಗಲಿ ಅದರ ಅರ್ತನ್ನಾಗಲಿ ಟವರಿಗೆ ಜೋಡಿಸದಿರುವುದು, ಬ್ಯಾಟರಿ ಪೆಟ್ಟಿಗೆಯ ಬಳಿ ಬೀಡಿ ಹಚ್ಚದಿರುವುದು. ಗುಡುಗುವಾಗ ಅದರ ನೆರಳಿಗೆ ಓಡದಿರುವುದು.

"ನಿಮ್ಮ ಹೊಲದಲ್ಲಿ ಟವರು ಹಾಕುತ್ತೇವೆ, ಲಕ್ಷಗಟ್ಟಲೆ ಮುಂಗಡ, ತಿಂಗಳಿಗೆ ಇಷ್ಟು ಬಾಡಿಗೆ, ಮೊದಲು ಫೀಜು ಕಟ್ಟಿ" ಎಂದು ಫೋನು, ಪತ್ರ ಬಂದರೆ ಅದು ಮೋಸ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಇಂಥ ಟವರುಗಳಿಗೆ ಯಾವ ನಿರಾಕ್ಷೇಪಣಾ ಪತ್ರವನ್ನೂ ಕೊಡುವುದಿಲ್ಲ; ಅದರ ಮೊಹರು ಹಾಕಿದ ಕಾಗದವೇ ಸುಳ್ಳು. ನಿಜವಾಗಿ ಟವರು ಹಾಕುವವರು ನಿಮಗೆ ಹಣ ಕೊಡುತ್ತಾರೆಯೇ ಹೊರತು ಕೇಳುವುದಿಲ್ಲ.

ಅಗೆಯುವ ಮೊದಲು

ಕೇಬಲ್ ಹೂತು ವರ್ಷ ಕಳೆದ ಮೇಲೆ ಅದು ಮರೆತುಹೋಗುತ್ತದೆ. ಆಗ ಕೃಷಿ ಹೊಂಡಕ್ಕೋ, ಬಸಿಗಾಲುವೆಗೋ, ತೆಂಗಿನ ಗುಂಡಿಗೋ ಜೆಸಿಬಿ ಕರೆಸುತ್ತೀರಿ. ರಸ್ತೆಯಂಚಿನಲ್ಲಿ, ಬದುವಿನಲ್ಲಿ ಸಿಮೆಂಟಿನ ಗುರುತುಕಲ್ಲು ಇದೆಯೇ ನೋಡಿ. ಆ ಕಲ್ಲನ್ನು ಒಗೆಯುವ ಕಲ್ಲಾಗಿ ಮನೆಗೆ ಒಯ್ದಿರುವವರೂ ಉಂಟು. ದಯವಿಟ್ಟು ಹಿಂದಕ್ಕೆ ನೆಡಿ. ಅಗೆಯುವವರು ಮೊದಲೇ ತಿಳಿಸಿ, ನೆಲದಡಿ ಏನಿದೆಯೆಂದು ಅರಿಯಲೆಂದು 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ 2023ರ ಮಾರ್ಚ್ 22ರಂದು ಆರಂಭವಾಗಿದೆ. ಅದು ಒಗ್ಗದಿದ್ದರೆ ಪಂಚಾಯಿತಿ ಕಚೇರಿಯಲ್ಲಿ ಕೇಳಿ. ಅಗೆಯುವಾಗ ಎಚ್ಚರಿಕೆಯ ಬಣ್ಣದ ಪಟ್ಟಿ ಮೇಲೆದ್ದರೆ ಅಲ್ಲಿಗೇ ಯಂತ್ರ ನಿಲ್ಲಿಸಿ, ಕೇಬಲ್ ಅದರ ಕೆಳಗಿದೆ.

ಕಡಿದೇ ಹೋಯಿತೆನ್ನಿ. ಎಳೆಯಬೇಡಿ, ಗಂಟು ಹಾಕಬೇಡಿ, ತುದಿಯನ್ನು ನೋಡಬೇಡಿ, ಮಣ್ಣು ಮುಚ್ಚಿ ಸುಮ್ಮನಾಗಬೇಡಿ. ಮುಚ್ಚಿದರೂ ಗುಟ್ಟು ಉಳಿಯದು. ಅವರ ಯಂತ್ರ ಒಂದು ತುದಿಯಿಂದ ಬೆಳಕು ಬಿಟ್ಟು, ಅದು ಕಡಿದ ಜಾಗದಿಂದ ಹಿಂದಿರುಗಲು ಹಿಡಿದ ಹೊತ್ತನ್ನು ಅಳೆದು, ಎಷ್ಟನೆಯ ಮೀಟರಿನಲ್ಲಿ ಕಡಿದಿದೆಯೆಂದು ಹೇಳಿಬಿಡುತ್ತದೆ. ಆ ಹೊತ್ತಿಗಾಗಲೇ ಪಡಿತರ ಅಂಗಡಿಯ ಮುಂದೆ ಸಾಲು ನಿಂತಿರುತ್ತದೆ. ತಾಮ್ರ ಸಿಕ್ಕೀತೆಂದು ರಾತ್ರಿ ಕಡಿದೊಯ್ಯುವವರಿಗೂ ಈ ಮಾತು ತಲುಪಲಿ: ಅದರಲ್ಲಿ ತಾಮ್ರ ಒಂದು ಗುಲಗಂಜಿಯೂ ಇಲ್ಲ.

ನಿಮ್ಮೂರ ವಾಚನಾಲಯದ ಗೋಡೆಯ ಮೇಲೆ ಈ ಸಂಖ್ಯೆಗಳನ್ನು ದೊಡ್ಡದಾಗಿ ಬರೆಸಿಡಿ. ವಿದ್ಯುತ್ ತಂತಿ ಬಿದ್ದರೆ, ಲೈನು ಬಂದ್ ಮಾಡಿಸಲು 1912. ಆಂಬುಲೆನ್ಸಿಗೆ 108. ಪೊಲೀಸ್ ಮತ್ತು ಇತರ ತುರ್ತಿಗೆ 112. ಟವರಿನ ಹೆಸರಿನಲ್ಲಿ ಹಣ ಕಳೆದುಕೊಂಡರೆ ಕೂಡಲೇ 1930. ಪಕ್ಕದಲ್ಲಿ ನಿಮ್ಮ ಊರಿನ ಲೈನ್‌ಮನ್ನರ ಮತ್ತು ಕೇಬಲ್ ನೋಡಿಕೊಳ್ಳುವವರ ಫೋನ್ ಸಂಖ್ಯೆಗೂ ಜಾಗ ಬಿಡಿ. ಅವರು ಬದಲಾದಾಗ ಅಳಿಸಿ ಬರೆಯಲು ಅನುಕೂಲವಾಗುವಂತೆ ಆ ಎರಡನ್ನು ಸೀಮೆಸುಣ್ಣದಲ್ಲಿ ಬರೆದರೆ ಒಳ್ಳೆಯದು.